ಮಂದ್ರ–ತಾರಗಳ ವಿಭಜನೆ



ರೋಧ, ಆವೃತ್ತಿಗಳ ಪಾಠದಲ್ಲಿ ಒಬ್ಬ ಹುಡುಗ “ಇದರಿಂದೇನು ಉಪಯೋಗ, ಸಾರ್?” ಎಂದಾಗ ನಾನು ಪರೀಕ್ಷೆಯ ಹೆಸರು ಹೇಳಿ ಕೂರಿಸಿದ್ದೆ. ಅವನು ಮರುವರ್ಷ ಶಾಲೆ ಬಿಟ್ಟು ರೇಡಿಯೋ ದುರಸ್ತಿಯ ಅಂಗಡಿ ಸೇರಿದ. ಅವನಿಗೆ ಸಲ್ಲಬೇಕಿದ್ದ ಉತ್ತರವಿದು.

1933ರ ಏಪ್ರಿಲ್ 27ರಂದು ಬೆಲ್ ಪ್ರಯೋಗಾಲಯವು ಫಿಲಡೆಲ್ಫಿಯಾದ ವಾದ್ಯಮೇಳವನ್ನು ತಂತಿಯ ಮೂಲಕ ವಾಷಿಂಗ್ಟನ್ನಿಗೆ ಕೇಳಿಸಿದಾಗ ಮಂದ್ರಕ್ಕೂ ತಾರಕ್ಕೂ ಬೇರೆ ಬೇರೆ ಧ್ವನಿವರ್ಧಕಗಳಿದ್ದವು. ಸ್ವರವನ್ನು ಆಂಪ್ಲಿಫೈಯರಿನ ನಂತರ ವಿಭಜಿಸಿದರೆ, 3000 ಹರ್ಟ್ಸ್‌ಗೆ 8 ಓಮಿನ ಸ್ಪೀಕರಿಗೆ ಸುಮಾರು 6.6 ಮೈಕ್ರೋಫ್ಯಾರಡ್ ಧಾರಕ ಬೇಕು. ಮೊದಲೇ ವಿಭಜಿಸಿ ಎರಡು ಆಂಪ್ಲಿಫೈಯರುಗಳಿಗೆ ಹಂಚಿದರೆ, ರೋಧ 10,000 ಓಮಿರುವಲ್ಲಿ 0.0053 ಸಾಕು. ರೋಧ ಹೆಚ್ಚಿದಷ್ಟೂ ಧಾರಕ ಕಿರಿದು. ಮಂದ್ರಕ್ಕೆ ದಪ್ಪ ಸುರುಳಿಯೂ ಬೇಡ. ಆದರೆ ವಿಭಜನೆ ಮೃದು: ಅಷ್ಟಕಕ್ಕೆ 6 ಡೆಸಿಬೆಲ್ ಮಾತ್ರ.

ನಾನು ಹೇಳದ ಈ ಉಪಯೋಗವನ್ನು ಅವನು ಕೈಯಾರೆ ಕಲಿತಿರಬಹುದೆಂಬುದೇ ನನ್ನ ಸಮಾಧಾನ.