ಕ್ಷಯವೃದ್ಧಿನಿಯಮವೂ ಕುಶಲಕರ್ಮದ ಪರೀಕ್ಷೆಯೂ

ಕರ್ಮಶಾಲೆಯಲ್ಲಿ ಮಾಡತೊಡಗಿದ ನೂರು ವಸ್ತುಗಳೊಳಗೆ, ಪುನಃ ತಿದ್ದುವ ಅವಶ್ಯವಿಲ್ಲದೆ ಮೊದಲನೆಯ ಸಲವೇ ನಿರ್ದೋಷವಾಗಿ ಹೊರಬಂದುವು ಎಷ್ಟೆಂದು ಎಣಿಸಿ ಕೆಲಸದ ಗುಣವನ್ನು ನಿರ್ಣಯಿಸುವುದು ಆಧುನಿಕ ಪದ್ಧತಿ. ಪ್ರಾಚೀನ ಶಾಸ್ತ್ರಕಾರರು ಇದಕ್ಕೆ ಸಮೀಪವಾದ ಪ್ರಯೋಜನವನ್ನು ಬೇರೊಂದು ಮಾರ್ಗದಿಂದ, ಎಂದರೆ ತೂಕದಿಂದ, ಸಾಧಿಸಿರುವರು. ಕೊಟ್ಟ ದ್ರವ್ಯವೆಷ್ಟು, ಬಂದ ವಸ್ತುವೆಷ್ಟು, ಇವೆರಡರ ನಡುವೆ ನ್ಯಾಯವಾದ ಅಂತರವೆಷ್ಟು ಎಂಬುದೇ ಅವರ ವಿಚಾರ.

ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿಯು ೧೯೦೫ರಲ್ಲಿ ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ದೊರೆತು, ಆರ್. ಶಾಮಶಾಸ್ತ್ರಿಗಳಿಂದ ೧೯೦೯ರಲ್ಲಿ ಮುದ್ರಿತವಾಯಿತು. ಅದರ ಕಂಟಕಶೋಧನಾಧಿಕರಣದ ಮೊದಲನೆಯ ಅಧ್ಯಾಯದಲ್ಲಿ, ನೇಕಾರನು ೧೦ ಪಲ ನೂಲಿಗೆ ೧೧ ಪಲ ಬಟ್ಟೆಯನ್ನು ಕೊಡಬೇಕೆಂದಿದೆ. ಮನುವಿನ ಮತವೂ ಇದೇ. ತಪ್ಪಿದವನಿಗೆ ಆತನು ೧೨ ಪಣಗಳ ದಂಡವನ್ನು ವಿಧಿಸಿರುವನು. ಹೆಚ್ಚಿದ ಒಂದು ಪಲವು ನೂಲಿಗೆ ಹಾಕಿದ ಗಂಜಿಯದು. ಲೋಹಗಳ ವಿಷಯದಲ್ಲಿ ಕೌಟಿಲ್ಯನು ತಾಮ್ರಕ್ಕೆ ಹತ್ತನೆಯ ಒಂದು ಪಾಲು, ಸೀಸ ತವರಗಳಿಗೆ ಇಪ್ಪತ್ತನೆಯ ಒಂದು ಪಾಲು, ಕಬ್ಬಿಣಕ್ಕೆ ಐದನೆಯ ಒಂದು ಪಾಲು ಕ್ಷಯವನ್ನು ಒಪ್ಪಿರುವನು. ಅದಕ್ಕಿಂತ ಕಡಮೆಯಾದುದಕ್ಕೆ ಇಮ್ಮಡಿ ದಂಡ.

ಯಾಜ್ಞವಲ್ಕ್ಯನ ಲೆಕ್ಕವು ಭಿನ್ನವಾಗಿದೆ. ಬೆಂಕಿಯಲ್ಲಿ ಚಿನ್ನಕ್ಕೆ ಕ್ಷಯವಿಲ್ಲ. ನೂರು ಪಲಗಳಿಗೆ ಬೆಳ್ಳಿಯಲ್ಲಿ ೨, ತವರ ಸೀಸಗಳಲ್ಲಿ ೮, ತಾಮ್ರದಲ್ಲಿ ೫, ಕಬ್ಬಿಣದಲ್ಲಿ ೧೦ ಪಲ ಕ್ಷಯ. ಕೌಟಿಲ್ಯನ ಲೆಕ್ಕದಂತೆ ತಾಮ್ರಕ್ಕೆ ನೂರಕ್ಕೆ ೧೦, ಕಬ್ಬಿಣಕ್ಕೆ ೨೦ ಆಗುವುದರಿಂದ, ಇವೆರಡರಲ್ಲಿ ಸ್ಮೃತಿಯ ನಿಯಮವು ಬಿಗಿಯಾದುದು. ತವರ ಸೀಸಗಳಲ್ಲಿ ಮಾತ್ರ ಸಡಿಲವಾದುದು.  ಆಯಾ ದೇಶದ ಅದಿರು, ಒಲೆ, ಕೆಲಸಗಳ ಅನುಭವದಿಂದ ಈ ಸಂಖ್ಯೆಗಳು ಹುಟ್ಟಿರಬೇಕೆಂದು ಊಹಿಸುವುದು ಯುಕ್ತ. ಬಟ್ಟೆಯಲ್ಲಿಯೂ ಯಾಜ್ಞವಲ್ಕ್ಯನು ಒಂದೇ ನಿಯಮವನ್ನು ಹೇಳದೆ, ದಪ್ಪ ನೂಲಿಗೆ ನೂರಕ್ಕೆ ೧೦, ಮಧ್ಯಮಕ್ಕೆ ೫, ಸೂಕ್ಷ್ಮಕ್ಕೆ ೩ ಪಲ ವೃದ್ಧಿಯೆಂದು ವಿಭಾಗಿಸಿರುವನು.

ಈ ಸ್ಮೃತಿಗೆ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು, ಈಗಿನ ಬಸವಕಲ್ಯಾಣವಾದ ಕಲ್ಯಾಣಪುರದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬-೧೧೨೬) ಇದ್ದವನು. ಕಂಚು ತಾಮ್ರ ತವರಗಳಿಂದಾದುದರಿಂದ ಅದರ ಕ್ಷಯವನ್ನು ಅವುಗಳನ್ನು ಅನುಸರಿಸಿ ಕಲ್ಪಿಸಬೇಕೆಂದೂ, ಅಧಿಕ ಕ್ಷಯವನ್ನುಂಟುಮಾಡಿದ ಶಿಲ್ಪಿಗಳು ದಂಡಾರ್ಹರೆಂದೂ ಆತನು ಹೇಳುವನು. ವಸ್ತ್ರದ ನಿಯಮವು ಒಗೆಯದ ಬಟ್ಟೆಗೆ ಮಾತ್ರವೆಂದು ವಿವರಿಸಿರುವುದೂ ಸೂಕ್ಷ್ಮವಾದುದು. ಒಗೆದರೆ ಗಂಜಿ ಹೋಗಿ, ತಪ್ಪಿಲ್ಲದ ನೇಕಾರನು ಅಪರಾಧಿಯಾಗುವನು.

ಈ ನಿಯಮಗಳ ಮುಖ್ಯೋದ್ದೇಶ ಕಳವಿನ ನಿವಾರಣೆಯೆಂಬುದು ಸ್ಪಷ್ಟ. ಆದರೆ ಫಲವು ಅಷ್ಟಕ್ಕೇ ನಿಲ್ಲುವುದಿಲ್ಲ. ಕಾಯಿಸಿದಾಗಲೆಲ್ಲ ಕಬ್ಬಿಣದ ಮೇಲ್ಪದರವು ಕಿಟ್ಟವಾಗಿ ಉದುರುವುದು. ಮೊದಲ ಸಲ ಕೆಡಿಸಿ ಮತ್ತೆ ಕಾಯಿಸಿ ಬಡಿದವನ ವಸ್ತುವು, ನೋಟಕ್ಕೆ ಚೆನ್ನಾಗಿದ್ದರೂ, ತಕ್ಕಡಿಯಲ್ಲಿ ಹಗುರವಾಗುವುದು. ಚಿನ್ನಕ್ಕೆ ಕ್ಷಯವಿಲ್ಲದುದರಿಂದ ಅಲ್ಲಿ ಈ ಪರೀಕ್ಷೆ ಸಾಗದು. ಕೆಟ್ಟ ಬಳೆಯೂ ಸರಿಯಾದ ಬಳೆಯೂ ಒಂದೇ ತೂಕ. ಹೇಳಿದುದನ್ನು ಬಿಟ್ಟು ಅನ್ಯಥಾ ಮಾಡಿದವನಿಗೆ ಕೂಲಿಯ ನಷ್ಟವೂ ಅದರ ಇಮ್ಮಡಿ ದಂಡವೂ ಎಂಬ ಪ್ರತ್ಯೇಕ ವಿಧಿಯನ್ನು ಕೌಟಿಲ್ಯನು ಮಾಡಿರುವನು.

ಕೌಟಿಲ್ಯನ ಅಧ್ಯಾಯಕ್ಕೆ ಕಾರುಕರಕ್ಷಣವೆಂದು ಹೆಸರು. ಕಾರುಕರಿಂದ ಪ್ರಜೆಗಳ ರಕ್ಷಣೆಯೆಂದು ಅದರ ಅರ್ಥ. ಆದರೂ ದ್ರವ್ಯದ ಸ್ವಭಾವದಿಂದಾಗುವ ನಷ್ಟವನ್ನು ಮೊದಲೇ ಗೊತ್ತುಮಾಡಿದುದರಿಂದ, ಆ ನಷ್ಟಕ್ಕಾಗಿ ಕಮ್ಮಾರನನ್ನು ದೂರುವ ಅವಕಾಶವು ಧಣಿಗೆ ಇಲ್ಲವಾಯಿತು. ಕೆಟ್ಟ ವಸ್ತುವಿನ ಬೆಲೆಯನ್ನು ದೇಶ, ಕಾಲ, ಉಪಭೋಗಗಳನ್ನರಿತ ನಿಪುಣರೇ ಹೇಳತಕ್ಕದ್ದೆಂಬ ಯಾಜ್ಞವಲ್ಕ್ಯನ ಮಾತೂ ಇದನ್ನೇ ಸಮರ್ಥಿಸುವುದು. ಮಾಡುವವನ ತಪ್ಪನ್ನೂ ದ್ರವ್ಯದ ಗುಣವನ್ನೂ ಬೇರ್ಪಡಿಸದ ಅಳತೆಯು ಅಳತೆಯಲ್ಲವೆಂಬುದೇ ಈ ಪ್ರಕರಣದ ಸಾರವೆಂದು ತಿಳಿಯತಕ್ಕದ್ದು.