ಚನ್ನಗಿರಿಯ ಪಿನ್‌ಕೋಡ್ ಶಿವಮೊಗ್ಗದ ಸಾಲಿನಲ್ಲಿ ಏಕಿದೆ? ದಾವಣಗೆರೆ ಜಿಲ್ಲೆಯ ಗಡಿ ಬದಲಾದ ಕಥೆ

ದಾವಣಗೆರೆ ಜಿಲ್ಲೆಯ ಬಗ್ಗೆ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವ ಮಾತುಗಳಲ್ಲಿ ಮೂರು ಮತ್ತೆ ಮತ್ತೆ ಕಾಣುತ್ತವೆ. ಒಂದು, ಈ ಜಿಲ್ಲೆ ಚಿತ್ರದುರ್ಗವನ್ನು ಒಡೆದು ಮಾಡಿದ್ದು. ಎರಡು, ಚನ್ನಗಿರಿ, ಹೊನ್ನಾಳಿಯ ಪಿನ್‌ಕೋಡ್ ಶಿವಮೊಗ್ಗದ್ದು, ಹಾಗಾಗಿ ದಾಖಲೆಗಳಲ್ಲೂ ಶಿವಮೊಗ್ಗ ಜಿಲ್ಲೆ ಎಂದೇ ಬರೆಯಬೇಕು. ಮೂರು, ಜಿಲ್ಲೆಯಲ್ಲಿ ಆರು ತಾಲ್ಲೂಕು, ಜನಸಂಖ್ಯೆ ಹತ್ತೊಂಬತ್ತೂವರೆ ಲಕ್ಷ.

ಮೂರರಲ್ಲೂ ಸ್ವಲ್ಪ ನಿಜವಿದೆ, ಸ್ವಲ್ಪ ತಪ್ಪಿದೆ. ಪರೀಕ್ಷೆಗೆ ಓದುವವರಿಗೂ ಅರ್ಜಿ ತುಂಬುವವರಿಗೂ ಈ ತಪ್ಪು ದುಬಾರಿಯಾಗಬಹುದು. ಒಂದೊಂದಾಗಿ ನೋಡೋಣ.

ಮಾತು 1: ದಾವಣಗೆರೆ ಚಿತ್ರದುರ್ಗವನ್ನು ಒಡೆದು ಮಾಡಿದ ಜಿಲ್ಲೆ

ಇದು ಅರ್ಧ ಸತ್ಯ. ದಾವಣಗೆರೆ ಜಿಲ್ಲೆ ಉದಯವಾದದ್ದು 1997ರ ಆಗಸ್ಟ್ 15ರಂದು. ಆಗ ಮುಖ್ಯಮಂತ್ರಿಯಾಗಿದ್ದವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು. ಹೊಸ ಜಿಲ್ಲೆಗೆ ಮೂರು ಕಡೆಯಿಂದ ತಾಲ್ಲೂಕುಗಳು ಬಂದವು:

- ಚಿತ್ರದುರ್ಗ ಜಿಲ್ಲೆಯಿಂದ: ದಾವಣಗೆರೆ, ಹರಿಹರ, ಜಗಳೂರು
- ಶಿವಮೊಗ್ಗ ಜಿಲ್ಲೆಯಿಂದ: ಚನ್ನಗಿರಿ, ಹೊನ್ನಾಳಿ
- ಬಳ್ಳಾರಿ ಜಿಲ್ಲೆಯಿಂದ: ಹರಪನಹಳ್ಳಿ

ಅಂದರೆ ಆರರಲ್ಲಿ ಮೂರು ಮಾತ್ರ ಚಿತ್ರದುರ್ಗದವು. ಜಿಲ್ಲೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಹೊನ್ನಾಳಿ ತುಂಗಭದ್ರಾ ದಡದ ಊರು. ಚನ್ನಗಿರಿಯ ಕಡೆ ಅಡಿಕೆ ತೋಟ, ಸೂಳೆಕೆರೆಯ ನೀರು. ಜಗಳೂರಿನ ಕಡೆ ಮಳೆಯನ್ನೇ ನಂಬಿದ ಬಯಲುಸೀಮೆಯ ಹೊಲ. ಅಲ್ಲಿನ ರಂಗಯ್ಯನದುರ್ಗದ ಕುರುಚಲು ಕಾಡು ನಾಲ್ಕು ಕೊಂಬಿನ ಜಿಂಕೆ ಕೊಂಡಗುರಿಗಾಗಿ ಮೀಸಲಾದ ವನ್ಯಜೀವಿ ಧಾಮ.

ಇತಿಹಾಸವೂ ಬೇರೆ ಬೇರೆ. ಚಿತ್ರದುರ್ಗ, ಶಿವಮೊಗ್ಗ ಜಿಲ್ಲೆಗಳು ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಹರಪನಹಳ್ಳಿ ಹಾಗಲ್ಲ. ನಿಜಾಮರು 1800ರಲ್ಲಿ ಬ್ರಿಟಿಷರಿಗೆ ಬಿಟ್ಟುಕೊಟ್ಟ ಬಳ್ಳಾರಿ ಸೀಮೆಯ ಭಾಗವಾಗಿ ಅದು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು.

ಮಾತು 2: ಪಿನ್‌ಕೋಡ್ ಶಿವಮೊಗ್ಗದ್ದು, ಹಾಗಾಗಿ ಜಿಲ್ಲೆಯೂ ಶಿವಮೊಗ್ಗ

ಪಿನ್‌ಕೋಡ್‌ನ ವಿಷಯ ನಿಜ, ಅದರಿಂದ ತೆಗೆದ ತೀರ್ಮಾನ ತಪ್ಪು. ಮೊದಲು ಸಂಖ್ಯೆಗಳನ್ನು ನೋಡಿ:

- ಚನ್ನಗಿರಿ 577213, ಹೊನ್ನಾಳಿ 577217, ನ್ಯಾಮತಿ 577223. ಇವು ಶಿವಮೊಗ್ಗದ 577201ರ ಸಾಲಿನವು.
- ಜಗಳೂರು 577528. ಇದು ಚಿತ್ರದುರ್ಗದ 577501ರ ಸಾಲಿನದು.
- ಹರಪನಹಳ್ಳಿ 583131. ಇದು ಬಳ್ಳಾರಿಯ 583101ರ ಸಾಲಿನದು.

ಕಾರಣ ಸರಳ. ದೇಶದಲ್ಲಿ ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ದಾವಣಗೆರೆ ಜಿಲ್ಲೆ ಹುಟ್ಟಿದ್ದು ಅದಾಗಿ ಸರಿಯಾಗಿ 25 ವರ್ಷಕ್ಕೆ. ಪಿನ್‌ಕೋಡ್ ಇರುವುದು ಕಾಗದ ಯಾವ ಅಂಚೆ ಕಚೇರಿಗೆ ಹೋಗಬೇಕು ಎಂದು ತಿಳಿಸಲಿಕ್ಕೆ. ಜಿಲ್ಲೆಯ ಗಡಿ ಬದಲಾಯಿತೆಂದು ಅಂಚೆ ಕಚೇರಿ ಜಾಗ ಬಿಟ್ಟು ಹೋಗುವುದಿಲ್ಲ, ಹಾಗಾಗಿ ಸಂಖ್ಯೆಯೂ ಬದಲಾಗಲಿಲ್ಲ.

ಮನೆಯಲ್ಲಿ ಹಳೆಯ ಲ್ಯಾಂಡ್‌ಲೈನ್ ಇದ್ದವರಿಗೆ ಎಸ್‌ಟಿಡಿ ಕೋಡ್ ನೆನಪಿರಬಹುದು. ಶಿವಮೊಗ್ಗ 08182, ಹೊನ್ನಾಳಿ 08188, ಚನ್ನಗಿರಿ 08189. ಚಿತ್ರದುರ್ಗ 08194, ಜಗಳೂರು 08196. ಇಲ್ಲೂ ಹಳೆಯ ಜಿಲ್ಲೆಯ ಗುರುತೇ ಉಳಿದಿದೆ.

ಹಾಗಾದರೆ ಜಿಲ್ಲೆ ಯಾವುದು ಎಂದು ತೀರ್ಮಾನಿಸುವವರು ಯಾರು? ರಾಜ್ಯದ ಗಡಿ ಬದಲಿಸಬೇಕಾದರೆ ಸಂವಿಧಾನದ 3ನೇ ವಿಧಿಯಂತೆ ಸಂಸತ್ತಿನಲ್ಲಿ ಕಾನೂನು ಆಗಬೇಕು. ಜಿಲ್ಲೆ, ತಾಲ್ಲೂಕುಗಳ ಗಡಿ ರಾಜ್ಯ ಸರ್ಕಾರದ ಕೈಯಲ್ಲಿದೆ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ ಅಡಿಯಲ್ಲಿ ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಿ ಸರ್ಕಾರ ಅದನ್ನು ಬದಲಿಸಬಹುದು. ಹೀಗಾಗಿಯೇ 1956ರಲ್ಲಿ 19 ಇದ್ದ ಜಿಲ್ಲೆಗಳು ಇಂದು 31 ಆಗಿವೆ.

ಮಾತು 3: ಆರು ತಾಲ್ಲೂಕು, ಹತ್ತೊಂಬತ್ತೂವರೆ ಲಕ್ಷ ಜನ

ಇಲ್ಲಿ ಎಡವುವವರೇ ಹೆಚ್ಚು. 1997ರಲ್ಲೂ ಆರು ತಾಲ್ಲೂಕು, ಈಗಲೂ ಆರು ತಾಲ್ಲೂಕು. ಆದರೆ ಅವೇ ಆರಲ್ಲ!

ನಡುವೆ ಎರಡು ಬದಲಾವಣೆ ಆದವು. 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಇತ್ತು. ಹೊನ್ನಾಳಿಯಿಂದ ಬೇರೆಯಾಗಿ ಅದು ಸ್ವತಂತ್ರ ತಾಲ್ಲೂಕಾಯಿತು. ಬಂಜಾರ ಸಮುದಾಯದವರು ಸಂತ ಸೇವಾಲಾಲರ ಜನ್ಮಸ್ಥಳವೆಂದು ನಡೆದುಕೊಳ್ಳುವ ಸೂರಗೊಂಡನಕೊಪ್ಪ ಈಗ ಇದೇ ತಾಲ್ಲೂಕಿನಲ್ಲಿದೆ. ಇನ್ನೊಂದು ಕಡೆ, 2018ರಲ್ಲಿ ಹರಪನಹಳ್ಳಿ ಬಳ್ಳಾರಿ ಜಿಲ್ಲೆಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅಲ್ಲಿಗೆ ಸೇರಿತು.

ಈಗಿನ ಆರು: ದಾವಣಗೆರೆ, ಹರಿಹರ, ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ.

ಜನಸಂಖ್ಯೆಯ ಲೆಕ್ಕ ತಪ್ಪುವುದೂ ಇಲ್ಲಿಯೇ. 19,45,497 ಎಂಬುದು 2011ರ ಜನಗಣತಿಯ ಅಧಿಕೃತ ಅಂಕಿ. ಅದರಲ್ಲಿ ಹರಪನಹಳ್ಳಿಯ ಜನರೂ ಸೇರಿದ್ದಾರೆ. ನ್ಯಾಮತಿಯ ಹೆಸರಿರುವ ಹೊಸ ಪಟ್ಟಿಯ ಪಕ್ಕದಲ್ಲಿ ಈ ಅಂಕಿ ಬರೆದರೆ ಲೆಕ್ಕ ಕೂಡುವುದಿಲ್ಲ.

ಇನ್ನೊಂದು ಗೊಂದಲವೂ ಇದೆ. ಹರಪನಹಳ್ಳಿಯವರು ಜಿಲ್ಲಾಧಿಕಾರಿ ಕಚೇರಿಯ ಕೆಲಸಕ್ಕೆ ಹೊಸಪೇಟೆಗೆ ಹೋಗಬೇಕು, ಆದರೆ ಸಂಸದರನ್ನು ಆರಿಸುವುದು ದಾವಣಗೆರೆ ಲೋಕಸಭಾ ಕ್ಷೇತ್ರಕ್ಕೆ. ಕ್ಷೇತ್ರಗಳ ಗಡಿಯನ್ನು 2008ರ ಪುನರ್ವಿಂಗಡಣೆ ನಿಗದಿ ಮಾಡಿದೆ. ಜಿಲ್ಲೆ ಬದಲಾದ ಕೂಡಲೇ ಕ್ಷೇತ್ರ ಬದಲಾಗುವುದಿಲ್ಲ. ನ್ಯಾಮತಿ ಬೇರೆ ತಾಲ್ಲೂಕಾದರೂ ವಿಧಾನಸಭೆಗೆ ಹೊನ್ನಾಳಿ ಕ್ಷೇತ್ರದಲ್ಲೇ ಇರುವುದಕ್ಕೂ ಇದೇ ಕಾರಣ.

ಗಡಿ ಗೆರೆಯಿಂದ ಯಾರಿಗೆ ಏನು ವ್ಯತ್ಯಾಸ?

ಹರಪನಹಳ್ಳಿ ಬಳ್ಳಾರಿಗೆ ಮರಳಬೇಕೆಂಬ ಬೇಡಿಕೆಯ ಹಿಂದಿದ್ದ ಮುಖ್ಯ ಕಾರಣ ಸಂವಿಧಾನದ 371(ಜೆ) ವಿಧಿ. ಈಗ ಕಲ್ಯಾಣ ಕರ್ನಾಟಕ ಎಂದು ಕರೆಯುವ ಪ್ರದೇಶದ ಸ್ಥಳೀಯರಿಗೆ ಶಿಕ್ಷಣದಲ್ಲೂ ಸರ್ಕಾರಿ ಉದ್ಯೋಗದಲ್ಲೂ ಇದರಡಿ ಮೀಸಲಾತಿ ಸಿಗುತ್ತದೆ. ಬಳ್ಳಾರಿ ಆ ಪ್ರದೇಶದಲ್ಲಿದೆ, ದಾವಣಗೆರೆ ಇಲ್ಲ.

ಜಗಳೂರು ತಾಲ್ಲೂಕು ಹರಪನಹಳ್ಳಿ ತಾಲ್ಲೂಕಿಗೆ ತಾಗಿಕೊಂಡೇ ಇದೆ. ಅದೇ ಬಿಸಿಲು, ಅದೇ ಮೆಕ್ಕೆಜೋಳ. ಆದರೂ ಗಡಿಯ ಆಚೆಯ ಹಳ್ಳಿಯ ಹುಡುಗಿಗೆ ಸಿಗುವ ಸೌಲಭ್ಯ ಈಚೆಯ ಹಳ್ಳಿಯ ಹುಡುಗಿಗಿಲ್ಲ. ಹೀಗಿರುವಾಗ ‘ಹರಪನಹಳ್ಳಿ ದಾವಣಗೆರೆ ಜಿಲ್ಲೆಯದು’ ಎಂಬ ಹಳೆಯ ನಕ್ಷೆ ನಂಬಿದವರು ತಮಗೆ ಸಿಗಬೇಕಾದ ಸೌಲಭ್ಯವನ್ನೇ ಕೇಳದೆ ಬಿಡಬಹುದು.

ಅರ್ಜಿ ತುಂಬುವಾಗ ನೆನಪಿಡಿ

- ಪಿನ್‌ಕೋಡ್ ಹಾಕಿದ ಕೂಡಲೇ ಯಾವುದಾದರೂ ಆ್ಯಪ್ ಜಿಲ್ಲೆಯ ಜಾಗದಲ್ಲಿ ಶಿವಮೊಗ್ಗ ಅಥವಾ ಚಿತ್ರದುರ್ಗ ಎಂದು ತಾನಾಗಿ ತುಂಬಿದರೆ, ದಾವಣಗೆರೆ ಎಂದು ತಿದ್ದಿ. ಪಿನ್‌ಕೋಡ್ ಮುಟ್ಟಬೇಡಿ, ಅದು ಸರಿಯಾಗಿಯೇ ಇದೆ.
- 1997ಕ್ಕಿಂತ ಹಿಂದಿನ ಜನನ ಪ್ರಮಾಣಪತ್ರದಲ್ಲೋ ಅಂಕಪಟ್ಟಿಯಲ್ಲೋ ಹಳೆಯ ಜಿಲ್ಲೆಯ ಹೆಸರಿದ್ದರೆ ಗಾಬರಿ ಬೇಡ. ಜಿಲ್ಲೆ ಬದಲಾದ ಮಾತ್ರಕ್ಕೆ ಆ ದಾಖಲೆ ರದ್ದಾಗುವುದಿಲ್ಲ.
- ನ್ಯಾಮತಿ ಭಾಗದ ಜಮೀನಿನ ಪಹಣಿ ಹೊನ್ನಾಳಿ ತಾಲ್ಲೂಕಿನಡಿ ಸಿಗದಿದ್ದರೆ ನ್ಯಾಮತಿ ತಾಲ್ಲೂಕಿನಡಿ ಹುಡುಕಿ.
- ಜಿಲ್ಲೆಯ ನಕ್ಷೆ ಅಥವಾ ಅಂಕಿಅಂಶ ಫಾರ್ವರ್ಡ್ ಆಗಿ ಬಂದರೆ ಮೊದಲು ಹರಪನಹಳ್ಳಿ, ನ್ಯಾಮತಿ ಎಲ್ಲಿವೆ ನೋಡಿ. ದಾವಣಗೆರೆಯೊಳಗೆ ಹರಪನಹಳ್ಳಿ ಇದ್ದು ನ್ಯಾಮತಿ ಇಲ್ಲದಿದ್ದರೆ ಅದು 2018ಕ್ಕಿಂತ ಹಿಂದಿನದು.

ಒಟ್ಟಿನಲ್ಲಿ

ನ್ಯಾಮತಿಯವರಿಗೆ ಇಂದಿಗೂ ದಾವಣಗೆರೆಗಿಂತ ಶಿವಮೊಗ್ಗವೇ ಹತ್ತಿರ. ಸಂತೆ, ಆಸ್ಪತ್ರೆ, ನೆಂಟಸ್ತಿಕೆಗೆ ಜನ ಜಿಲ್ಲೆ ನೋಡಿ ಹೋಗುವುದಿಲ್ಲ, ಅದರಲ್ಲಿ ತಪ್ಪೇನೂ ಇಲ್ಲ. ಕಚೇರಿಯ ಕಾಗದಕ್ಕೆ ಮಾತ್ರ ಇಂದಿನ ಅಧಿಸೂಚನೆಯೇ ಲೆಕ್ಕ. ಜಿಲ್ಲೆಯ ಬಗ್ಗೆ ಮುಂದಿನ ಬಾರಿ ಫಾರ್ವರ್ಡ್ ಬಂದಾಗ, ಕಳಿಸಿದವರನ್ನು ‘ಇದು ಯಾವ ವರ್ಷದ್ದು?’ ಎಂದು ಕೇಳಿ. ಉತ್ತರ ಸಿಗುವವರೆಗೆ ಮುಂದಕ್ಕೆ ಕಳಿಸಬೇಡಿ.