ಸತ್ತ ಮರದ ಮೇಲೊಂದು ಬದನೆ ಗಿಡ

ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಊರಮನೆಯ ಹಿತ್ತಲಲ್ಲಿದ್ದ ನುಗ್ಗೆಮರ ಗಾಳಿಗೆ ಬುಡಸಮೇತ ಬಿತ್ತು. ನುಗ್ಗೆಮರ ಗೊತ್ತಲ್ಲ, ಒಲೆಗೂ ಆಗದು, ಬಾಗಿಲಿಗೂ ಆಗದು. ಎಲ್ಲೋ ಓದಿದ್ದು ನೆನಪಾಗಿ, ಮೊಣಕಾಲುದ್ದ ಗುಂಡಿ ತೋಡಿ ದಿಮ್ಮಿಗಳನ್ನು ಜೋಡಿಸಿದೆ. ಮೇಲೆ ತರಗೆಲೆ, ಸೊಪ್ಪು, ಅದರ ಮೇಲೆ ಮಣ್ಣು. ಎದೆಮಟ್ಟದ ದಿಬ್ಬ ಎದ್ದಿತು. ಬದನೆ ಸಸಿ ನೆಟ್ಟು ಹೆಮ್ಮೆಯಿಂದ ನಿಂತಿದ್ದೆ.

"ಏನೋ ಇದು, ಮರಕ್ಕೆ ಸಮಾಧಿ ಕಟ್ಟಿದೀಯ? ಗೆದ್ದಲಿಗೆ ಔತಣ ಕೊಟ್ಟ ಹಾಗಾಯ್ತು" ಅಂದರು ಅಮ್ಮ.

"ಇದು ಜರ್ಮನಿಯ ಪದ್ಧತಿ ಅಮ್ಮಾ, ನೂರಾರು ವರ್ಷದ್ದು" ಅಂದೆ.

"ಯಾರು ಹೇಳಿದ್ದು?"

ಉತ್ತರ ಇರಲಿಲ್ಲ. ಹುಡುಕಲು ಕೂತಾಗ ಸಿಕ್ಕಿದ್ದೇ ಈ ಬರಹ.

*

ಪದ್ಧತಿಯ ಹೆಸರು ಹ್ಯೂಗಲ್‌ಕುಲ್ಟೂರ್. ಹ್ಯೂಗಲ್ ಅಂದರೆ ಜರ್ಮನ್ ಭಾಷೆಯಲ್ಲಿ ದಿಬ್ಬ, ಗುಡ್ಡ. ದಿಬ್ಬದ ಬೇಸಾಯ ಅನ್ನಬಹುದು. ಮಧ್ಯ ಯುರೋಪಿನ ರೈತರು ಶತಮಾನಗಳಿಂದ ಮಾಡುತ್ತಿದ್ದರು ಎಂದು ಹೇಳುವವರು ಬಹಳ. ಆದರೆ ಈ ಹೆಸರು ಅಚ್ಚಾಗಿ ಕಾಣಿಸಿಕೊಂಡಿದ್ದು 1962ರಲ್ಲಿ, ಹೆರ್ಮಾನ್ ಆಂಡ್ರೇ ಎಂಬ ಜರ್ಮನ್ ತೋಟಪ್ರಿಯ ಬರೆದ ಕಿರುಪುಸ್ತಕದಲ್ಲಿ. ನೂರಾರು ವರ್ಷ ಎಲ್ಲಿ, 1962 ಎಲ್ಲಿ!

ಆಂಡ್ರೇಗೆ ಈ ಯೋಚನೆ ಬಂದ ಬಗೆ ಚೆನ್ನಾಗಿದೆ. ಅವನ ಅಜ್ಜಿಯ ತೋಟದ ಮೂಲೆಯಲ್ಲಿ ಕೊಂಬೆ ರೆಂಬೆಗಳ ರಾಶಿ ಬಿದ್ದಿತ್ತಂತೆ. ಅದರ ಮೇಲೆ ತಾವಾಗಿಯೇ ಬಗೆಬಗೆಯ ಗಿಡಗಳು ಸೊಂಪಾಗಿ ಬೆಳೆದಿದ್ದವು. ಇದನ್ನು ನೋಡಿ ಅವನು ಸಪಾಟು ನೆಲದ ಬೇಸಾಯಕ್ಕೆ ಎದುರಾಗಿ ದಿಬ್ಬದ ಬೇಸಾಯವನ್ನು ಮುಂದಿಟ್ಟ. ಮುಂದೆ ಹಾನ್ಸ್ ಬೇಬಾ ಎಂಬಾತ ಜೊತೆಯಾಗಿ ವಿಚಾರವನ್ನು ಬೆಳೆಸಿದ. ಇಬ್ಬರ ಹಿಂದೆಯೂ ರುಡಾಲ್ಫ್ ಸ್ಟೈನರ್‌ನ ನೆರಳಿದೆ. 1924ರಲ್ಲಿ ಕೋಬರ್ವಿಟ್ಸ್ ಎಂಬಲ್ಲಿ ರೈತರಿಗೆ ಕೊಟ್ಟ ಉಪನ್ಯಾಸಗಳಲ್ಲಿ ಸ್ಟೈನರ್, ನೆಲಮಟ್ಟಕ್ಕಿಂತ ಎತ್ತರಿಸಿದ ಮಣ್ಣಿನಲ್ಲಿ ಜೀವಶಕ್ತಿ ಹೆಚ್ಚು ಎಂಬ ಮಾತಾಡಿದ್ದ.

ಗಮನಿಸಿ, ಅಜ್ಜಿ ಯಾವ 'ಪದ್ಧತಿ'ಯನ್ನೂ ಪಾಲಿಸುತ್ತಿರಲಿಲ್ಲ. ಅದು ಬರೀ ಕಸದ ರಾಶಿ. ಅದರಲ್ಲಿ ಬೇಸಾಯ ಕಂಡವನು ಮೊಮ್ಮಗ. ಹಳತು ಎಂಬ ಮುದ್ರೆ ಬಿದ್ದರೆ ನಂಬಿಕೆ ಬೇಗ ಬರುತ್ತದೆ ಅನ್ನುವುದು ನಮ್ಮಲ್ಲಿ ಮಾತ್ರವಲ್ಲ, ಅಲ್ಲೂ ಇದೆ ಅಂತಾಯ್ತು :)

*

ಅದೇ 1962ರಲ್ಲಿ ಆಸ್ಟ್ರಿಯಾದಲ್ಲಿ ಸೆಪ್ ಹೋಲ್ಜರ್ ಎಂಬ ಹುಡುಗ ಅಪ್ಪನ ಜಮೀನು ವಹಿಸಿಕೊಂಡ. ಕ್ರಾಮೆಟರ್‌ಹೋಫ್ ಎಂಬ ಆ ಜಾಗ ಇರುವುದು ಆಲ್ಪ್ಸ್ ಪರ್ವತದಲ್ಲಿ, ಸುಮಾರು 1100ರಿಂದ 1500 ಮೀಟರ್ ಎತ್ತರದಲ್ಲಿ. ಕೊರೆಯುವ ಚಳಿ. ಅಲ್ಲಿ ಅವನು ಮೆಟ್ಟಿಲು ಗದ್ದೆ, ಕೊಳ, ಹಣ್ಣಿನ ಮರಗಳ ಜೊತೆಗೆ ಮರದ ದಿಮ್ಮಿ ಹೂತ ಕಡಿದಾದ ದಿಬ್ಬಗಳನ್ನೂ ಕಟ್ಟಿದ. ಆಸ್ಟ್ರೇಲಿಯಾದಲ್ಲಿ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1978ರಲ್ಲಿ 'ಪರ್ಮಾಕಲ್ಚರ್' ಎಂಬ ಮಾತನ್ನು ಪುಸ್ತಕಕ್ಕೆ ತಂದರು. ಮುಂದೆ ಹೋಲ್ಜರ್ ಆ ಬಳಗದ ದೊಡ್ಡ ಹೆಸರಾದ. ಅವನ ಹಿಂದೆಯೇ ದಿಬ್ಬವೂ ಲೋಕ ಸುತ್ತಿ ನಮ್ಮ ಹಿತ್ತಲಿಗೆ ಬಂತು.

ಚಳಿನಾಡಿನಲ್ಲಿ ಎತ್ತರದ ದಿಬ್ಬಕ್ಕೆ ಅರ್ಥವಿದೆ. ಓರೆ ಮೈಗೆ ಬಿಸಿಲು ಚೆನ್ನಾಗಿ ಬೀಳುತ್ತದೆ, ವಸಂತದಲ್ಲಿ ಮಣ್ಣು ಬೇಗ ಬೆಚ್ಚಗಾಗುತ್ತದೆ, ಹಿಮ ಕರಗಿದ ನೀರು ಬಸಿದು ಹೋಗುತ್ತದೆ, ಕೊಳೆಯುವಾಗ ಒಳಗೆ ಒಂದಿಷ್ಟು ಶಾಖವೂ ಹುಟ್ಟುತ್ತದೆ. ನಮಗೆ ಬಿಸಿಲಿಗೂ ಶಾಖಕ್ಕೂ ಏನು ಬರ?!

*

ಈಗ ನನ್ನ ಬದನೆಯ ಕಥೆ. ಮೊದಲ ವರ್ಷ ಎಲೆಗಳು ಹಳದಿಯಾಗಿ ಗಿಡ ಮುರುಟಿಕೊಂಡಿತು. ಕಾರಣ ಸರಳ. ಮರ ಕೊಳೆಸುವ ಜೀವಾಣುಗಳಿಗೆ ಇಂಗಾಲದ ಜೊತೆ ಸಾರಜನಕವೂ ಬೇಕು, ಸುಮಾರು 25-30 ಪಾಲಿಗೆ ಒಂದು ಪಾಲು. ಮರದಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಾರು ಪಾಲು ಇಂಗಾಲ. ಸಾಲದ್ದನ್ನು ಅವು ಸುತ್ತಲ ಮಣ್ಣಿನಿಂದ ಎಳೆದುಕೊಳ್ಳುತ್ತವೆ, ಗಿಡ ಉಪವಾಸ. ಫೆಬ್ರವರಿ ಹೊತ್ತಿಗೆ ದಿಬ್ಬದ ನೆತ್ತಿ ಒಣಗಿ ಬಿರುಕು ಬಿಟ್ಟಿತು. ಗೆದ್ದಲೂ ಬಂತು, ಅಮ್ಮ ಹೇಳಿದಂತೆಯೇ. ಎರಡನೇ ಮಳೆಗಾಲಕ್ಕೆ ದಿಬ್ಬ ಸೊಂಟದಷ್ಟಕ್ಕೆ ಕುಸಿಯಿತು.

ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಲಿಂಡಾ ಚಾಕರ್-ಸ್ಕಾಟ್ ಎಂಬ ತೋಟಗಾರಿಕೆ ತಜ್ಞೆ 2017ರಲ್ಲಿ ಇದೇ ಪದ್ಧತಿಯನ್ನು ಪರಿಶೀಲಿಸಿ, ಇದರ ಬಗ್ಗೆ ಹೇಳುವ ಗುಣಗಾನಕ್ಕೆ ತಕ್ಕ ವೈಜ್ಞಾನಿಕ ಆಧಾರ ಇಲ್ಲ ಎಂದು ಬರೆದಿದ್ದಾರೆ. ಮೊದಲೇ ಓದಬೇಕಿತ್ತು...

ಹಾಗಂತ ಮರ ಹೂಳುವುದೇ ಸುಳ್ಳಲ್ಲ. ಕಾಡಿನಲ್ಲಿ ಬಿದ್ದ ಮರದ ಮೇಲೆ ಸಸಿಗಳು ಸಾಲಾಗಿ ಹುಟ್ಟುವುದನ್ನು ನೀವೂ ನೋಡಿರಬಹುದು. ಕೊಳೆತ ಮರ ಸ್ಪಂಜಿನಂತೆ ನೀರು ಹಿಡಿಯುತ್ತದೆ. ನಮ್ಮ ಕರಾವಳಿಯಲ್ಲಿ ಇದರ ದಾಯಾದಿ ಒಂದಿದೆ. ತೆಂಗಿನ ಮರದ ಸುತ್ತ ಅಥವಾ ಸಾಲುಗಳ ನಡುವೆ ಕಾಲುವೆ ತೋಡಿ ಸಿಪ್ಪೆಯನ್ನು ಒಳಮೈ ಮೇಲಾಗಿ ಹೂಳುವುದು. ಕಾಸರಗೋಡಿನ ಸಿಪಿಸಿಆರ್‌ಐ ಕೂಡ ತೇವ ಉಳಿಸಲು ಇದನ್ನೇ ಶಿಫಾರಸು ಮಾಡುತ್ತದೆ, ಪ್ರಯೋಜನ ಐದಾರು ವರ್ಷ ಉಳಿಯುತ್ತದೆ. ನೋಡಿ, ಇಲ್ಲಿ ದಿಬ್ಬ ಇಲ್ಲ. ಎಲ್ಲ ನೆಲದೊಳಗೆ. ನಮ್ಮ ಬಿಸಿಲಿಗೆ ಸರಿಯಾದದ್ದು ಅದೇ.

ಈ ವರ್ಷ ಕುಸಿದ ದಿಬ್ಬವನ್ನು ಸಮ ಮಾಡಿ, ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಹಾಕಿ, ಮೊದಲು ಅಲಸಂದೆ ಬೆಳೆದು, ಆಮೇಲೆ ಬದನೆ ನೆಟ್ಟೆ. ಒಳಗಿನ ನುಗ್ಗೆಮರ ಅಷ್ಟರಲ್ಲಿ ಕೈಯಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಕೊಳೆತಿತ್ತು. ಕಾಯಿ ಚೆನ್ನಾಗಿ ಬಿಟ್ಟಿದೆ. ಮೊನ್ನೆ ಅಮ್ಮ ಎಣ್ಣೆಗಾಯಿ ಬಡಿಸುತ್ತಾ ಕೇಳಿದರು, "ಇದು ನಿನ್ನ ಜರ್ಮನಿಯದಾ, ನಮ್ಮ ಕೊಟ್ಟಿಗೆದಾ?"

ಸುಮ್ಮನೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ :)

ನಿಮ್ಮೂರಿನಲ್ಲಿ ಮರ, ಸಿಪ್ಪೆ, ರವದಿ ಹೂತು ಬೆಳೆಯುವ ರೂಢಿ ಇದ್ದರೆ ದಯವಿಟ್ಟು ಬರೆಯಿರಿ. ನಮ್ಮ ಅಜ್ಜಿಯರ ಮೂಲೆಗಳಲ್ಲೂ ಏನೇನೋ ರಾಶಿ ಬಿದ್ದಿರುತ್ತವೆ. ನೋಡುವ ಮೊಮ್ಮಕ್ಕಳು ಬೇಕು ಅಷ್ಟೇ.